ಬೇಡವೆಂದು ಕಳಿಸಿದ ಕಾಗದ

ಆಂಗ್ ಮೋ ಕಿಯೋ
೧೪ ಮಾರ್ಚ್ ೨೦೦೭

ಮುದ್ದು ನಿಶ್ಮಿತಾ,

ನಿನ್ನೆ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದ್ದೆ, ಕೆಟ್ಟ ಕನಸು. ಪಾಲಿಕ್ಲಿನಿಕ್‌ನಲ್ಲಿ ನಿನ್ನ ಅಪ್ಪನ ನಂಬರು ಕೂಗುತ್ತಿದ್ದಾರೆ, ಅವರಿಗೆ ಏಳಲಾಗುತ್ತಿಲ್ಲ. ಕೌಂಟರಿನವಳು ನನ್ನ ಕಡೆ ಬೆರಳು ತೋರಿಸಿ, ಬೇಡ ಅಂದವಳು ಇವಳೇ ಅನ್ನುತ್ತಾಳೆ. ಅಪ್ಪ ಯಾವಾಗಲೂ ಫೋನಿನ ಪಕ್ಕವೇ ಕೂತಿರುತ್ತಾರೆ. ಅದಕ್ಕೇ ಪಾಯಾ ಲೆಬಾರ್‌ನಷ್ಟು ಹತ್ತಿರ ಇರುವ ನಿನಗೂ ಕಾಗದ. ನಗಬೇಡ.

ಐದು ವರ್ಷದ ಹಿಂದೆ, ನಿನ್ನ ಪರೀಕ್ಷೆಯ ವಾರ, ಅಪ್ಪನ ಹೆಸರಿಗೆ ಎಲ್ಡರ್‌ಶೀಲ್ಡ್ ಕಾಗದ ಬಂದಿತ್ತು. ವಯಸ್ಸಾಗಿ ತಾವಾಗಿ ಉಣ್ಣಲು, ಏಳಲು ಆಗದವರಿಗೆ ತಿಂಗಳು ತಿಂಗಳು ದುಡ್ಡು ಕೊಡುವ ಇಲ್ಲಿನ ಸರ್ಕಾರದ ವಿಮೆ. ಸುಮ್ಮನಿದ್ದಿದ್ದರೆ ಹೆಸರು ತಾನಾಗಿ ಸೇರುತ್ತಿತ್ತಂತೆ. ಬೇಡ ಅನ್ನುವವರು ಮಾತ್ರ ಫಾರಂಗೆ ಸಹಿ ಹಾಕಿ ಕಳಿಸಬೇಕಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅದು ಹೇಗೆ ತಿಳಿಯಬೇಕು? ಊರಿನ ರೇಷನ್ ಕಾರ್ಡಿನಿಂದ ಈ ಫ್ಲ್ಯಾಟಿನ ತನಕ ಸಹಿ ಹಾಕದೆ ನಮಗೆ ಯಾವುದು ಸಿಕ್ಕಿದೆ? ಅಪ್ಪನ ಕೈಗೆ ನಾನೇ ಪೆನ್ನು ಕೊಟ್ಟೆ. ಕಾಕಿ ಬುಕಿತ್‌ನ ಗೋಡೌನಿಗೆ ಡ್ಯೂಟಿಗೆ ಹೋಗುವಾಗ ಪೋಸ್ಟ್ ಮಾಡಿ ಅಂತ ಚೀಲದಲ್ಲಿಟ್ಟೆ.

ಹೋದ ವಾರ ಬ್ಲಾಕಿನ ಕೆಳಗೆ ಎಲ್ಲರೂ ಕೂರುವ ವಾಯ್ಡ್ ಡೆಕ್‌ನಲ್ಲಿ ಪಕ್ಕದ ಮನೆಯ ಪ್ರಭಾ ಆಂಟಿ ವಿವರಿಸಿ ಹೇಳಿದಾಗಲೇ ನನಗೆ ಗೊತ್ತಾದದ್ದು, ಆ ಸಹಿ ಬೇಡ ಅನ್ನುವುದಕ್ಕೆ ಅಂತ. ಅಪ್ಪನಿಗೆ ಇನ್ನೂ ವಯಸ್ಸು ಮೀರಿಲ್ಲವಂತೆ, ಹೊಸದಾಗಿ ಅರ್ಜಿ ಹಾಕಬಹುದಂತೆ. ಆದರೆ ಈಗ ಕಾಯಿಲೆಗಳ ಪ್ರಶ್ನೆಗೆಲ್ಲ ಉತ್ತರ ಬರೆಯಬೇಕು.

ನಿನಗೆ ಹೇಳಿರಲಿಲ್ಲ. ಎರಡು ತಿಂಗಳಿಂದ ಅಪ್ಪನ ಕೈ ನಡುಗುತ್ತಿದೆ. ಅಂಗಿಯ ಗುಂಡಿ ನಾನೇ ಹಾಕುತ್ತೇನೆ. ಡಾಕ್ಟರು ಏನೋ ಉದ್ದ ಹೆಸರು ಬರೆದುಕೊಟ್ಟಿದ್ದಾರೆ. ಕಾಯಿಲೆ ಇಲ್ಲ ಅಂತಲೇ ತುಂಬಿಬಿಡೋಣ ಅನ್ನಿಸಿತು. ಪೆನ್ಸಿಲಿನಲ್ಲಿ ಬರೆದೂ ಬರೆದೆ, ಆಮೇಲೆ ಅಳಿಸಿದೆ. ಭಾನುವಾರ ಬಾ, ಇದ್ದದ್ದನ್ನೇ ಬರೆಯೋಣ. ಅಪ್ಪನ ಸಹಿಯನ್ನು ನೀನೇ ಏನಾದರೂ ಹೇಳಿ ಹಾಕಿಸು. ನನ್ನಿಂದ ಕೆಟ್ಟಿತು ಅಂತ ಅವರಿಗೆ ಗೊತ್ತಾಗುವುದು ಬೇಡ.

ನಿನ್ನ ಅಮ್ಮ,
ಹರಿಣಾಕ್ಷಿ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಬಂದು ನಿಂತರು. ಮುಚ್ಚಿಡಲಾಗದೆ ಎಲ್ಲ ಹೇಳಿಬಿಟ್ಟೆ. ಅವರಿಗೆ ಆವತ್ತೇ ಗೊತ್ತಿತ್ತಂತೆ, ಗೋಡೌನಿನ ಸೂಪರ್‌ವೈಸರ್ ಓದಿ ಹೇಳಿದ್ದನಂತೆ. ಬಿಸ್ಕತ್ ಫ್ಯಾಕ್ಟರಿಯಲ್ಲಿ ದುಡಿದವಳು ಅಂತ ನನ್ನ ಹೆಸರಿಗೂ ಅಂಥದೇ ಕಾಗದ ಬಂದಿತ್ತು, ಅದಕ್ಕೂ ಸಹಿ ಹಾಕಿ ಕೊಟ್ಟಿದ್ದೆ. ಇಬ್ಬರಿಗೂ ಕಂತು ಕಟ್ಟುವ ಕಾಲವಲ್ಲ, ನಿನ್ನ ಓದು ಇತ್ತು ಅಂತ ತಮ್ಮದನ್ನು ಪೋಸ್ಟ್ ಮಾಡಿ ನನ್ನದನ್ನು ಹರಿದು ಹಾಕಿದರಂತೆ. "ನಾನು ಬಿದ್ರೆ ನೀನಿದ್ದೀಯಲ್ಲ ಮಾರಾಯ್ತಿ. ನೀನು ಬಿದ್ರೆ ನಂಗೆ ಗಂಜಿ ಬೇಯಿಸ್ಲಿಕ್ಕೂ ಬರೂದಿಲ್ಲ" ಅಂದರು. ನಿಜವೋ, ನನ್ನ ಸಮಾಧಾನಕ್ಕೆ ಅಂದದ್ದೋ. ವಿಮೆಯ ಆಫೀಸಿಗೆ ಫೋನ್ ಮಾಡಿ, ನನ್ನ ಹೆಸರು ಇದೆಯಾ ಅಂತ ಒಂದು ಸಲ ಕೇಳಿ ಹೇಳು.