ಒಂದೇ ಮೇಜಿಗೆ ನಮ್ಮನ್ನು ಜಗಳಕ್ಕೆ ಕೂರಿಸಿದವರಿಗೆ

ಹೊಸಗರಡಿ ಬಸ್ಸು ಕಾರ್ಖಾನೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ಎಪ್ಪತ್ತನಾಲ್ಕು

ಎಲ್ಲರೂ ಒಂದೇ ಟೀಮು ಅಂದರು ಆಡಳಿತದವರು. ಒಂದೇ ಬಣ್ಣದ ಟೀ ಶರ್ಟು ಹಂಚಿದರು, ಚಹಾದ ಲೋಟ ಬೇರೆಬೇರೆಯೇ ಉಳಿಯಿತು. ಹೊಸ ಬಸ್ಸಿನ ನಕ್ಷೆ ಬರೆಯುವ ಮುಂಚೆ ನಿಮ್ಮನ್ನು ಕೇಳುತ್ತೇವೆ ಅಂದರು. ಬಸ್ಸು ತಯಾರಾದ ಮೇಲೆ ಕುಂಬಳಕಾಯಿ ಒಡೆಯಲು ಕರೆದರು. ಮಹಿಳಾ ಕಂಡಕ್ಟರಿಗೆ ಕೂರಲು ಸೀಟು ಅಂದರು; ಆ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟರು. ಸಭೆಯಲ್ಲಿ ನಿಮಗೂ ಕುರ್ಚಿ ಇದೆ ಅಂದರು. ಸಭೆ ಮುಗಿದ ಮೇಲೆ ಆ ಕುರ್ಚಿ ಎತ್ತಿಡುವ ಕೆಲಸ ಕೊಟ್ಟರು.

ಇದೆಲ್ಲ ಆದದ್ದು ನಿಮಗೆ, ಹುಲಿಗೆಮ್ಮಕ್ಕ. ನಿಮಗೆ, ನಿಮ್ಮ ಜೊತೆ ನಿಂತ ಕಂಡಕ್ಟರುಗಳಿಗೆ, ಮೆಕ್ಯಾನಿಕ್‌ಗಳಿಗೆ, ಬಸ್ಸು ತೊಳೆಯುವವರಿಗೆ. ನಮಗೆ ಆಗಲಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಕಾಲಕ್ಕೆ ನೀವು ಮುತ್ತಜ್ಜಿಯ ಅಜ್ಜಿ. ಆದರೆ ಕಾಗದ ಕೈಸೇರುವಾಗ ನಿಮ್ಮ ತಲೆಗೂದಲು ಇನ್ನೂ ಕಪ್ಪಗಿರುತ್ತದೆ, ಹಾಗಾಗಿ ಅಕ್ಕ ಅಂತಲೇ ಕರೆಯುತ್ತೇನೆ. ತಾರೀಖು ನೋಡಿ ನಗಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು, ಅದಕ್ಕಾಗುತ್ತಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ. ಮುಂದೆ ಬರುವ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಅವು ಹುಟ್ಟಿದ್ದು ನೀವು ಕೂತ ಧರಣಿಯಿಂದಲೇ.

ನನ್ನ ಹೆಸರು ದ್ಯಾಮಕ್ಕ. ಇದೇ ಕಾರ್ಖಾನೆಯಲ್ಲಿ ಬಸ್ಸು ತೊಳೆಯುತ್ತೇನೆ, ಸಂಘದ ಕಾರ್ಯದರ್ಶಿಯೂ ಹೌದು. ನಮ್ಮಲ್ಲಿ ಇಲಾಖೆಗಳಿಲ್ಲ, ಬೆಸುಗೆಬಳಗಗಳಿವೆ. ಬೆಸುಗೆಬಳಗ ಅಂದರೆ ಒಂದು ಬಸ್ಸಿಗೆ ಒಂದು ಮೇಜು, ಆ ಮೇಜಿನ ಸುತ್ತ ಬೇರೆಬೇರೆ ಕಸುಬಿನವರು. ನಮ್ಮ ಮೇಜಿನಲ್ಲಿ ನಕ್ಷೆ ಬರೆಯುವ ಇಂಜಿನಿಯರ್ ಸುಮೇಧಾ, ಬೆಸುಗೆ ಹಾಕುವ ಮೌಲಾಸಾಬ, ಜೊತೆಗಾತಿ ಎಲಿಸಮ್ಮ, ನಾನು. ಜೊತೆಗಾತಿ ಅಂದರೆ ನಿಮ್ಮ ಕಂಡಕ್ಟರ್. ಟಿಕೆಟ್ ಹರಿಯುವ ಕೆಲಸ ಹೋಯಿತು, ಬಸ್ಸು ತಾನೇ ಓಡುತ್ತದೆ. ಬಸ್ಸಿಗೆ ದಾರಿ ಗೊತ್ತು. ಗರ್ಭಿಣಿ ಹತ್ತಿದಾಗ ಯಾರನ್ನು ಎಬ್ಬಿಸಬೇಕು ಅನ್ನುವುದು ಎಲಿಸಮ್ಮನಿಗೇ ಗೊತ್ತು. ಬೆಳಿಗ್ಗೆ ಶೆಡ್ಡಿನ ನಡುವೆ ನಾಲ್ವರೂ ಕೂರುತ್ತೇವೆ, ಒಂದೇ ಕೆಟಲಿನ ಚಹಾ, ಒಂದೇ ಥರದ ಲೋಟ. ನಿಮ್ಮ ಪೆನ್ಸಿಲ್ ತಿರುಗಿದ ಹಾಗೆಲ್ಲ ಕಬ್ಬಿಣ ತಿರುಗಲ್ಲ ಮೇಡಂ ಅಂತ ಮೌಲಾಸಾಬ ರೇಗಿಸುತ್ತಾನೆ. ನಿಮ್ಮ ನಾಲಿಗೆ ತಿರುಗುತ್ತಲ್ಲ ಮಾವಾ, ಅಷ್ಟು ಸಾಕು ಅಂತ ಸುಮೇಧಾ ನಕ್ಷೆ ಬಿಚ್ಚುತ್ತಾಳೆ. ಬಸ್ಸಿನ ನೆಲ ಹೇಗಿರಬೇಕು ಅಂತ ಅವಳು ಗೆರೆ ಎಳೆಯುವಾಗ, ನೀರು ಎಲ್ಲಿ ನಿಂತು ನಾರುತ್ತದೆ ಅಂತ ನಾನು ಬೆರಳಿಟ್ಟು ತೋರಿಸುತ್ತೇನೆ. ಅಷ್ಟು ಇಳಿಜಾರು ಕೊಟ್ಟರೆ ಮುದುಕರು ಜಾರುತ್ತಾರೆ ದ್ಯಾಮಿ ಅಂತ ಅವಳು ನನ್ನ ಬೆರಳು ಸರಿಸುತ್ತಾಳೆ. ಒಮ್ಮೊಮ್ಮೆ ಅವಳ ಮಾತೇ ಸರಿ ಇರುತ್ತದೆ, ಏನು ಮಾಡೋದು!

ಈ ಮೇಜು ಸುಮ್ಮನೆ ಬರಲಿಲ್ಲ. ನಕ್ಷೆ ಕೋಣೆಯ ಬಾಗಿಲಲ್ಲಿ ನೀವು ಧರಣಿ ಕೂತಾಗ ಮ್ಯಾನೇಜರು ಸಲಹಾ ಪೆಟ್ಟಿಗೆ ಇಡಿಸ್ತೀನಿ, ಚೀಟಿ ಬರೆದು ಹಾಕಿ ಅಂದರಂತೆ. ಪೆಟ್ಟಿಗೆಗೆ ತಿರುಗಿ ಕೇಳೋಕೆ ಬಾಯಿಲ್ಲ ಸಾರ್, ನೀವೇ ಎದುರಿಗೆ ಕೂತ್ಕೊಳ್ಳಿ ಅಂದಿರಂತೆ ನೀವು. ಆ ಮಾತು ನಮ್ಮ ಮಕ್ಕಳ ಬಾಯಲ್ಲೂ ಇದೆ. ಒಳಗಿದ್ದ ಕಿರಿಯ ಇಂಜಿನಿಯರ್ ರುದ್ರಮುನಿಯವರು ಎದ್ದು, ತಮ್ಮ ಮೇಜನ್ನು ಧರಧರ ಎಳೆದುಕೊಂಡು ಶೆಡ್ಡಿಗೆ ಬಂದರು. ಅವರ ಕಡೆಯವರು ಅವರಿಗೆ ‘ಕೂಲಿಯವರ ಅಳಿಯ’ ಅಂತ ಹೆಸರಿಟ್ಟರು. ಅಳಿಯನೇ ಸರಿ, ಊಟಕ್ಕೆ ಏನಿದೆ ಅಂತ ಕೇಳಿ ಅವರು ನಿಮ್ಮ ಪಕ್ಕದಲ್ಲೇ ಕೂತರು. ಹೊರಗಿನಿಂದ ಬಾಗಿಲು ಬಡಿದ ನಿಮಗೆ ಶರಣು, ಒಳಗಿನಿಂದ ಎದ್ದು ಬಂದ ಅವರಿಗೂ ಶರಣು. ಎರಡರಲ್ಲಿ ಒಂದು ತಪ್ಪಿದ್ದರೆ ನಾನು ಇವತ್ತಿಗೂ ಕುರ್ಚಿ ಎತ್ತಿಡುತ್ತಿದ್ದೆ.

ಆದರೆ ಅಕ್ಕ, ನಿಮ್ಮ ನಂತರದವರು ಒಂದು ಎಡವಟ್ಟು ಮಾಡಿದರು. ನಿಮ್ಮ ಫೋಟೋಕ್ಕೆ ಹಾರ ಹಾಕಿದರು. ಹುಲಿಗೆಮ್ಮನ ಮಾತಿಗೆ ಎದುರಿಲ್ಲ ಅಂದರು. ಆಮೇಲೆ ನೋವು ಉಂಡವರ ಮಾತಿಗೇ ಎದುರಾಡಬಾರದು ಅಂತ ಕಟ್ಟಳೆ ಮಾಡಿಟ್ಟರು. ಮೇಜು ಇತ್ತು, ಮಾತು ಸತ್ತಿತು. ನಮ್ಮ ಅವ್ವಂದಿರ ಕಾಲದಲ್ಲಿ, ಎಲಿಸಮ್ಮನ ತಾಯಿ ರಾಹೇಲಮ್ಮ ಜೊತೆಗಾತಿಯಾಗಿದ್ದಳು. ಮುದುಕರು ಹತ್ತಲು ಕಷ್ಟ, ಮೆಟ್ಟಿಲು ಕೆಳಗಿಳಿಸಿ ಅಂದಳು. ನ್ಯಾಯವಾದ ಮಾತು. ಅಷ್ಟು ಇಳಿಸಿದರೆ ರಸ್ತೆಯ ಉಬ್ಬಿಗೆ ತಗುಲುತ್ತದೆ ಅನ್ನುವುದು ಬೆಸುಗೆಯವನಿಗೆ ಗೊತ್ತಿತ್ತು, ಇಂಜಿನಿಯರಿಗೂ ಗೊತ್ತಿತ್ತು. ನಮ್ಮ ಹಿಂದಿನವರು ಇವರ ಬಾಯಿ ಮುಚ್ಚಿಸಿದ್ದು ಸಾಲದೇ, ಈಗ ನಾನೂ ಬೇಡ ಅನ್ನಲಾ ಅಂತ ಇಂಜಿನಿಯರಮ್ಮ ತಲೆ ತಗ್ಗಿಸಿದಳು. ಬೆಸುಗೆಯವನು ಕಣ್ಣಿನ ಮೇಲೆ ಬೆಸುಗೆಯ ಕಪ್ಪು ಗಾಜು ಎಳೆದುಕೊಂಡ. ಎಲ್ಲರೂ ಹೂಂ ಅಂದರು. ಹಳ್ಳದ ಸೇತುವೆ ಹತ್ತಿರ ಮೆಟ್ಟಿಲು ಉಬ್ಬಿಗೆ ಬಡಿದು ಕಿತ್ತುಹೋಯಿತು. ಬಾಗಿಲಲ್ಲಿ ನಿಂತಿದ್ದ ರಾಹೇಲಮ್ಮನ ಎಡಗಾಲು ಮೊಣಕಾಲಿಂದ ಕೆಳಗೆ ಉಳಿಯಲಿಲ್ಲ. ನೋಡಲು ಹೋದವರಿಗೆ ಆಸ್ಪತ್ರೆಯ ಮಂಚದ ಮೇಲಿಂದಲೇ ಉಗಿದಳು: ಗೌರವ ಕೊಟ್ಟು ಕಾಲು ತಗೊಂಡ್ರಲ್ಲೋ, ಒಬ್ಬರಾದರೂ ಏ ಬೇಡ ಕಣೇ ಅನ್ನಬಾರದಿತ್ತಾ?

ಅವತ್ತಿನಿಂದ ನಮ್ಮಲ್ಲಿ ‘ಅಡ್ಡಮಾತು’ ಬಂತು. ಮೇಜಿನ ಪ್ರತಿಯೊಬ್ಬರೂ ಇನ್ನೊಬ್ಬರ ಕೆಲಸದ ಬಗ್ಗೆ ಒಂದಾದರೂ ತಕರಾರು ಎತ್ತಬೇಕು. ಮುಖಕ್ಕೆ ಹೇಳಬೇಕು, ಅಲ್ಲೇ ಉತ್ತರ ಕೇಳಿಸಿಕೊಳ್ಳಬೇಕು. ಅಡ್ಡಮಾತು ಬೀಳದ ನಕ್ಷೆ ಬೆಸುಗೆಗೆ ಹೋಗುವುದಿಲ್ಲ. ನಿಂತಾಗ ಇಳಿದು, ಹೊರಟಾಗ ಏರುವ ಮೆಟ್ಟಿಲು ಈಗ ಪ್ರತಿ ಬಸ್ಸಿನಲ್ಲಿದೆ. ಅದು ಯಾರೊಬ್ಬರ ತಲೆಯಿಂದಲೂ ಬಂದದ್ದಲ್ಲ, ದಿನಗಟ್ಟಲೆ ನಡೆದ ಜಗಳದಿಂದ ಬಂತು. ರಾಹೇಲಮ್ಮ ಊರುಗೋಲು ಹಿಡಿದು ಬಂದು ಅದನ್ನು ಮೊದಲು ಹತ್ತಿದಳು.

ಈಗ ಆಡಳಿತದವರು ಒಮ್ಮತಯಂತ್ರ ತಂದಿದ್ದಾರೆ. ನಾವು ನಾವು ಜಗಳವಾಡಿ ಹೊತ್ತು ಹಾಳು ಮಾಡುತ್ತೇವಂತೆ. ಸುಮೇಧಾ ಮಹಡಿಗೆ, ಮೌಲಾಸಾಬ ಹಿಂದಿನ ಶೆಡ್ಡಿಗೆ, ಎಲಿಸಮ್ಮ ನಿಲ್ದಾಣಕ್ಕೆ, ನಾನು ತೊಳೆಯುವ ಗುಂಡಿಗೆ ಹೋಗಬೇಕಂತೆ. ಒಬ್ಬೊಬ್ಬರೇ ಯಂತ್ರದ ಕಿವಿಯಲ್ಲಿ ಹೇಳಬೇಕು, ಅದು ಎಲ್ಲವನ್ನೂ ಕಲಸಿ ನುಣ್ಣಗೆ ಒಂದು ಉತ್ತರ ಕೊಡುತ್ತದೆ. ಅಂದರೆ ನಿಮ್ಮ ಸಲಹಾ ಪೆಟ್ಟಿಗೆಗೆ ಮಾತು ಬಂದಿದೆ, ಅಷ್ಟೇ. ಸುಳ್ಳು ಯಾಕೆ ಹೇಳಲಿ, ಜಗಳ ತಪ್ಪುತ್ತದಲ್ಲ ಅಂತ ನಮ್ಮ ಸಂಘದಲ್ಲೇ ಅರ್ಧ ಜನ ಅದಕ್ಕೆ ಒಲಿದಿದ್ದಾರೆ. ಆ ಯಂತ್ರ ಆಗ ಇದ್ದಿದ್ರೆ ನಮ್ಮವ್ವನ ಮೆಟ್ಟಿಲಿಗೂ ಹೂಂ ಅಂದಿರೋದು ಅಂತ ಎಲಿಸಮ್ಮ ಹೇಳಿದಾಗ ಕೆಲವರು ನೆಲ ನೋಡಿದರು, ಕೆಲವರು ಗಡಿಯಾರ ನೋಡಿದರು. ಮೇಜು ಉಳಿಯುತ್ತದೋ ಒಡೆಯುತ್ತದೋ ಸಂಘದ ಸಭೆಯಲ್ಲಿ ಕೈ ಎತ್ತಿ ತೀರ್ಮಾನಿಸಬೇಕು.

ನಮ್ಮ ಕೆಲಸ ನಾವು ನೋಡಿಕೊಳ್ಳುತ್ತೇವೆ. ನಿಮ್ಮಿಂದ ಬೇಕಾದದ್ದು ಒಂದೇ. ನಿಮ್ಮ ಮಕ್ಕಳಿಗೆ ಈಗಲೇ ಹೇಳಿ: ನನ್ನ ಫೋಟೋಕ್ಕೆ ಹಾರ ಹಾಕಬೇಡಿ, ನಾನೂ ಎಷ್ಟೋ ಸಲ ತಪ್ಪಿದ್ದೆ, ರುದ್ರಮುನಿ ನನ್ನ ಜೊತೆ ಕಿತ್ತಾಡಿ ತಿದ್ದಿದ, ನಾನೂ ಅವನನ್ನು ಬಿಡಲಿಲ್ಲ ಅಂತ. ಜೋರಾಗಿ ಹೇಳಿ. ನಿಮ್ಮ ದನಿ ಮೂರು ತಲೆಮಾರು ದಾಟಿ ಬಂದರೆ, ಆ ಇಂಜಿನಿಯರಮ್ಮ ತಲೆ ಎತ್ತಿ ಏ ಬೇಡ ಕಣೇ ಅಂದಾಳು. ರಾಹೇಲಮ್ಮ ಎರಡೂ ಕಾಲ ಮೇಲೆ ಮನೆಗೆ ನಡೆದು ಹೋದಾಳು. ಹಾಗಾದರೆ ಈ ಕಾಗದ ಬರೆಯಲು ನನಗೆ ಕಾರಣವೇ ಇರುವುದಿಲ್ಲ. ಇಲ್ಲದಿದ್ದರೇ ಒಳ್ಳೆಯದು.

ಕೊಟ್ಟಿದ್ದಕ್ಕೆ ಶರಣು, ಅಕ್ಕ. ನಾಲ್ವರ ಪರವಾಗಿ ಶರಣು.

ಸಭೆ ಬರುವ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ, ಶೆಡ್ಡಿನ ನಡುವೆ.