ಮಣ್ಣಿನಲ್ಲಿದ್ದ ಹೋರಿಯ ಕಾಲು

ಪ್ರೀತಿಯ ರಹೀಮ್ ಸರ್,

ಡಾಬಕಾದಲ್ಲಿ ಅಗೆಯಲು ಪುರಾತತ್ವ ಇಲಾಖೆಯ ಅನುಮತಿ ಬಂತು. ನೀವು ತೀರಿಕೊಂಡು ಒಂದು ಮಳೆಗಾಲ ಕಳೆದ ಮೇಲೆ. ಬೀದರಿನ ನಿಮ್ಮ ಮನೆಗೆ ಹೋಗಿ ಮೇಡಂಗೆ ಪತ್ರ ತೋರಿಸಿದೆ. ಓದಿ, ಮಡಿಚಿ ಕೊಟ್ಟು, ಚಹಾ ಇಡಲು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಲ್ಲಿ ಶರಣಪ್ಪನ ಹೊಲದಲ್ಲಿ ಆ ಕಲ್ಲನ್ನು ಮೊದಲು ಕಂಡ ದಿನ ನೆನಪಿದೆಯೇ? ತೊಗರಿ ಕೊಯ್ದು ಹೊಲ ಬೋಳಾಗಿತ್ತು. ಕರಿಗಲ್ಲಿನ ಮೇಲೆ ಯಾರೋ ಕುಟ್ಟಿ ಕುಟ್ಟಿ ಮೂಡಿಸಿದ ಹೋರಿ. ಉದ್ದ ಕೋಡು, ಎತ್ತರದ ಹಿಣಿಲು. ಕಾಲುಗಳು ಮಾತ್ರ ಮಣ್ಣಿನಲ್ಲಿ ಹೂತಿದ್ದವು. ನಾನು ಮಣ್ಣು ಕೆರೆಯಲು ಹೋದಾಗ ನೀವು ಮಣಿಕಟ್ಟು ಹಿಡಿದಿರಿ.

“ಬ್ಯಾಡ ಬೇಟಾ. ಹೋರಿ ಕಲ್ಲಿನ್ಯಾಗ ಅದ, ಅದರ ವಯಸ್ಸು ಈ ಮಣ್ಣಿನ್ಯಾಗ ಅದ.”

ವಾಪಸು ಬರುವಾಗ, ಔರಾದ್ ಬಸ್ಸಿನಲ್ಲಿ, ನೀವು ಯೌವನದಲ್ಲಿ ಕೆಲಸ ಮಾಡಿದ ಮರುಭೂಮಿಯ ಕಥೆ ಹೇಳಿದಿರಿ. ಅಲ್ಲಿ ಬಂಡೆಬಂಡೆಗೂ ಚಿತ್ರಗಳಿದ್ದವಂತೆ. ಆದರೆ ಸುತ್ತಲಿನ ಮಣ್ಣನ್ನು ಗಾಳಿ ಒಯ್ದುಬಿಟ್ಟಿತ್ತು. ಕಲ್ಲಿನ ಮೇಲೆ ಕಾಲಾಂತರದಲ್ಲಿ ಕಟ್ಟಿದ ಕಪ್ಪು ಪೊರೆ ನೋಡಿ ಒಬ್ಬೊಬ್ಬರು ಒಂದೊಂದು ಕಾಲ ಹೇಳುತ್ತಿದ್ದರು. ಯಾವುದನ್ನೂ ನಂಬುವ ಹಾಗಿರಲಿಲ್ಲ. ಇಲ್ಲಿ ಹಾಗಲ್ಲ ಅಂದಿರಿ. ಹೋರಿಯ ಕಾಲನ್ನು ಮುಚ್ಚಿದ ಪದರದಲ್ಲಿ ಹಳೆಯ ಒಲೆಯ ಇದ್ದಿಲು ಸಿಕ್ಕರೆ ಸಾಕು, ಅದರ ಕಾಲ ತಿಳಿಯುತ್ತದೆ, ಹೋರಿ ಅದಕ್ಕಿಂತ ಹಿಂದಿನದು ಎಂದು ಎದೆತಟ್ಟಿ ಹೇಳಬಹುದು. ಅದಕ್ಕಾಗಿಯೇ ಅಲ್ಲವೇ ನೀವು ಕೊನೆಯವರೆಗೂ ಅನುಮತಿಗೆ ಕಾದದ್ದು?

ಅನುಮತಿ ಹಿಡಿದು ಹೋದ ದಿನ ಹೊಲದಲ್ಲಿ ಕಲ್ಲೇ ಇರಲಿಲ್ಲ ಸರ್. ಶರಣಪ್ಪ ಜೆಸಿಬಿ ಹಚ್ಚಿ ನೆಲ ಸಮ ಮಾಡಿಸಿದ್ದ. ಅವನ ತಾಯಿ ಗುರಮ್ಮ ನನ್ನ ಕೈ ಹಿಡಿದು ಬೇವಿನ ಮರದ ಕೆಳಗೆ ಕರೆದೊಯ್ದರು. ಹೋರಿ ಅಲ್ಲಿತ್ತು. ತೊಳೆದು, ಎಣ್ಣೆ ಹಚ್ಚಿ, ಅರಿಶಿನ ಬಳಿದಿದ್ದರು.

“ಮಶೀನಿನವ ಒಡದ ಬಿಡ್ತೀನಿ ಅಂದಿದ್ನರಿ. ನಾನೇ ಅಡ್ಡ ನಿಂತು ಉಳಿಸೀನಿ. ನಿಮ್ಮ ಸರ್ ಇದರ ಮ್ಯಾಲ ಜೀವ ಇಟ್ಟಿದ್ರಲ್ಲರಿ.”

ಗುರಮ್ಮನನ್ನು ಬೈಯುವ ಹಾಗಿರಲಿಲ್ಲ. ಕಲ್ಲು ಉಳಿದಿತ್ತು, ಮಣ್ಣು ಹೋಗಿತ್ತು. ಕಲ್ಲು ಕಿತ್ತಲ್ಲಿ ಉಳಿದಿದ್ದ ತಗ್ಗಿನ ದಂಡೆಯಲ್ಲಿ ಕೂತು ಫೋನಿನಲ್ಲಿ ನಿಮ್ಮ ಹೆಸರು ಹುಡುಕಿದೆ. ಸಿಕ್ಕ ಮೇಲೆ, ಎತ್ತಲು ನೀವಿಲ್ಲ ಎಂದು ನೆನಪಾಯಿತು.

ಆಮೇಲೆ ದಿನಾ ಹೋದೆ. ಮಶೀನು ಕಡಿದು ಬಿಟ್ಟ ಅಂಚನ್ನು ಕರಣೆ ಹಿಡಿದು ಗೇಣುಗೇಣಾಗಿ ಕೆರೆದೆ. ಹುಚ್ಚು ಎಂದು ನನಗೇ ಅನ್ನಿಸುತ್ತಿತ್ತು. ಕಡೆಗೊಂದು ಮಧ್ಯಾಹ್ನ, ಯಾರೂ ಮುಟ್ಟದ ಮಣ್ಣಿನಲ್ಲಿ ಹಳೆಯ ಒಲೆಯ ಬೂದಿ, ಇದ್ದಿಲಿನ ತೆಳು ಪದರ ಕಂಡಿತು; ಅದರ ಕೆಳಗೆ ಕವುಚಿ ಬಿದ್ದ ಕಲ್ಲಿನ ಚಕ್ಕೆ. ತಿರುವಿದರೆ ಕುಟ್ಟಿದ ಗುರುತುಗಳು. ಬೇವಿನ ಮರದ ಬಳಿ ಓಡಿದೆ. ಗುರಮ್ಮ ಸೆರಗಿನಿಂದ ಎಣ್ಣೆ ಒರೆಸಿಕೊಟ್ಟರು. ಚಕ್ಕೆ ಹೋರಿಯ ಹಿಂಗಾಲಿಗೆ ಸರಿಯಾಗಿ ಕೂತಿತು. ಆ ಒಲೆ ಉರಿಯುವ ಮೊದಲೇ ಒಡೆದು ಬಿದ್ದದ್ದು ಅದು.

ಪರೀಕ್ಷೆಗೆ ಕಳಿಸಿ ತಿಂಗಳುಗಟ್ಟಲೆ ಕಾದ ಮೇಲೆ, ಹೋದ ವಾರ ಇದ್ದಿಲಿನ ಫಲಿತಾಂಶ ಬಂತು. ಈ ನೆಲಕ್ಕೆ ಕಬ್ಬಿಣ ಬರುವ ಮುಂಚೆ ದನ ಕಾಯುತ್ತಿದ್ದವರ ಕಾಲ. ಹೋರಿ ಅದಕ್ಕೂ ಹಿಂದಿನದು. ಎಷ್ಟು ಹಿಂದಿನದು, ಅದನ್ನು ಕುಟ್ಟಿದವರು ಅಲ್ಲೇ ಉಳಿದರೋ, ಹಾದುಹೋದರೋ? ಅದೆಲ್ಲ ಹೇಳಬೇಕಾಗಿದ್ದ ಮಣ್ಣು ಈಗ ಶರಣಪ್ಪನ ಬದುವಾಗಿದೆ. ಇನ್ನು ಯಾರಿಗೂ ತಿಳಿಯುವುದಿಲ್ಲ.

ಇಷ್ಟನ್ನು ಗುರಮ್ಮನಿಗೆ ಬಿಡಿಸಿ ಹೇಳಿದೆ. ಕೇಳಿ ಅವರು ಅಂದರು: “ಭಾಲ್ಕಿ ಕಡಿ ನನ್ನ ತಂಗಿ ಹೊಲದಾಗೂ ಇಂಥಾದೊಂದು ಅದರಿ. ಸೋಯಾ ತೆಗದ ಮ್ಯಾಲ ಅಲ್ಲೂ ಮಶೀನು ಹಚ್ಚತಾರಂತ.”

ಸೋಯಾ ಕೊಯ್ಲು ಮುಗಿಯುತ್ತಾ ಬಂದಿದೆ. ಅಲ್ಲಿಗೆ ಅನುಮತಿಯಿಲ್ಲ, ಕೇಳಲು ಸಮಯವೂ ಇಲ್ಲ. ನಾಳೆ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೊರಟಿದ್ದೇವೆ. ಈ ಸಲ ಗುರಮ್ಮ ಮಣ್ಣನ್ನು ಉಳಿಸಲೂ ಅಡ್ಡ ನಿಲ್ಲುತ್ತಾರಂತೆ.

ನಿಮ್ಮ
ಸುವರ್ಣಾ