ಗೌರಿಯ ಮೊಣಕಾಲಿನ ಅರಿಶಿನ

ಆನೇಕಲ್
12-2-2025

ನನ್ನ ಮೇಲೆ ಸಿಟ್ಟು ಮಾಡಿಕೊಂಡು ಮಗಳ ಮನೆ ಸೇರಿರುವ ಮರಿಯಮ್ಮನಿಗೆ ನಿನ್ನ ಯಜಮಾನ ವೆಂಕಟಪ್ಪ ಬರೆಯುವುದು.

ನೀನು ಫೋನ್ ಎತ್ತುವುದಿಲ್ಲ. ಮಂಜುಶ್ರೀ ಎತ್ತಿದರೆ "ಅಮ್ಮ ಮಾತಾಡಲ್ವಂತೆ ಕಣಪ್ಪ" ಅಂತ ಇಟ್ಟುಬಿಡುತ್ತಾಳೆ. ಅದಕ್ಕೇ ಬೆಳ್ಳಂದೂರಿಗೆ ಕ್ಯಾಬ್ ಓಡಿಸುವ ವಸಂತನ ಕೈಯಲ್ಲಿ ಈ ಕಾಗದ. ಓದದೆ ಹರಿದು ಹಾಕಬೇಡ, ನಿನ್ನ ಕುದುರೆ ಗೌರಿಯ ಸಮಾಚಾರ ಇದೆ.

ನಿನ್ನನ್ನು ಕೇಳದೆ ಗೌರಿಯ ಮೊಣಕಾಲಿಗೆ ಸೂಜಿ ಹಾಕಿಸಲು ಒಪ್ಪಿದ್ದು ನನ್ನ ತಪ್ಪು. ಗೊತ್ತಾದಾಗ ನೀನು "ಕೀಲ್ಗೆ ಸೂಜಿ ಆಕ್ಸಿದ್ರೆ ನಾನ್ ಈ ಮನೇಲಿರಾಕಿಲ್ಲ" ಅಂದೆ, ಹೇಳಿದಂತೆ ಹೊರಟೂ ಬಿಟ್ಟೆ. ಆದರೆ ಮದುವೆ ಮೆರವಣಿಗೆಯಲ್ಲಿ ಕುಣಿಯುತ್ತಿದ್ದ ಗೌರಿ ಕುಂಟುವುದನ್ನು ನನ್ನಿಂದ ನೋಡಲಾಗಲಿಲ್ಲ ಕಣೇ. ಡಾಕ್ಟರ್ ಶಾಂತಿ ಮೇಡಂ ಅದರದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಬೇಕಾದ ಭಾಗವನ್ನು ಕೀಲಿನೊಳಗೆ ಬಿಡುತ್ತೇನೆ ಅಂದರು. ಅಪಾಯವಿಲ್ಲವೇ ಎಂದು ಕೇಳಿದೆ. "ಔಷಧಿಗಿಂತ ಕೊಳೇದೇ ಭಯ ಸಾರ್. ಒಂಚೂರು ಒಳಗೆ ಹೋದ್ರೂ ಕೀಲೇ ಹಾಳಾಗುತ್ತೆ" ಅಂದರು.

ಹೋದ ಗುರುವಾರ ಕೂದಲು ಬೋಳಿಸಿ, ಮೊಣಕಾಲನ್ನು ಕಾಲು ಗಂಟೆ ಉಜ್ಜಿ ತೊಳೆದರು. ಕೈಗವಸು ಹಾಕಿಕೊಳ್ಳಲು ಆ ಕಡೆ ತಿರುಗಿದಾಗ ನಾನು ಮಾರಮ್ಮನ ಗುಡಿಯ ಅರಿಶಿನ ತಂದು ಅಲ್ಲಿಗೇ ಬಳಿದೆ. ನೀನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ ತಾನೆ? ಮೇಡಂ ತಿರುಗಿ ನೋಡಿ, ಹಾಕಿಕೊಂಡಿದ್ದ ಕೈಗವಸು ಕಿತ್ತೆಸೆದರು. ಆಮೇಲೆ ಮೊದಲಿನಿಂದ ತೊಳೆದರು. ನನ್ನನ್ನು ಗೇಟಿನಾಚೆ ನಿಲ್ಲಿಸಿ, ಸೂಜಿ ಹಾಕಿ ಪಟ್ಟಿ ಕಟ್ಟಿದರು. ನಮ್ಮ ಬಾಡಿಗೆ ಮನೆಯ ಸಾಫ್ಟ್‌ವೇರ್ ಹುಡುಗಿಯರು ಮಹಡಿಯಿಂದ ನೋಡಿ ನಕ್ಕರು.

ಇಷ್ಟಕ್ಕೇ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಮೇಡಂ ಕಾರು ಹತ್ತಿದ ಮೇಲೆ ಪಟ್ಟಿ ಬಿಚ್ಚಿ, ಸೂಜಿ ಚುಚ್ಚಿದ ಜಾಗಕ್ಕೆ ಮತ್ತೆ ಅರಿಶಿನ ಮೆತ್ತಿ, ಮೊದಲಿದ್ದಂತೆ ಸುತ್ತಿಬಿಟ್ಟೆ. ಮಾರನೆಯ ದಿನ ಮೊಣಕಾಲು ತೆಂಗಿನಕಾಯಿ ಗಾತ್ರ ಊದಿತ್ತು. ಗೌರಿ ಆ ಕಾಲು ಊರಲೇ ಇಲ್ಲ.

ಅದು ಶಾಶ್ವತವಾಗಿ ಕುಂಟಿಯಾದರೆ ನಿನಗೆ ಯಾವ ಮುಖ ತೋರಿಸಲಿ ಅಂತ ಅಳುವೇ ಬಂತು. ಫೋನಿನಲ್ಲಿ ಮೇಡಂಗೆ ಊತದ ವಿಷಯ ಹೇಳಿದೆ, ಅರಿಶಿನದ್ದು ಹೇಳಲಿಲ್ಲ. ಅವರು ಬಂದು ಪಟ್ಟಿ ಬಿಚ್ಚಿದರೆ ಒಳಗೆಲ್ಲ ಹಳದಿ. "ಯಜಮಾನ್ರೇ, ನಿಮ್ಮನ್ನ ಕಟ್ಟಾಕ್ಬೇಕಿತ್ತು ಕಣ್ರೀ, ಕುದುರೇನಲ್ಲ" ಅಂದರು. ಸೂಜಿಯಾದ ಮೇಲೆ ಕೆಲವು ಕುದುರೆಗಳಿಗೆ ಒಂದೆರಡು ದಿನ ಊತ ಬರುವುದುಂಟಂತೆ. ಆದರೆ ನನ್ನ ಘನಕಾರ್ಯ ಕಂಡ ಮೇಲೆ ಹಾಗಂದುಕೊಂಡು ಸುಮ್ಮನಿರುವಂತಿಲ್ಲ ಅಂತ ಕೀಲಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಮೂರು ರಾತ್ರಿ ಲಾಯದ ಬಾಗಿಲಲ್ಲೇ ಚಾಪೆ ಹಾಸಿಕೊಂಡು ಮಲಗಿದೆ.

ಸೋಮವಾರ ವರದಿ ಬಂತು. ಸೋಂಕಿಲ್ಲ. ಊತವೂ ಇಳಿದಿದೆ. ಗೌರಿ ಈಗ ನಾಲ್ಕೂ ಕಾಲು ಊರಿ ನಿಲ್ಲುತ್ತದೆ, ನನ್ನನ್ನು ಕಂಡರೆ ಮಾತ್ರ ಹಿಂದಕ್ಕೆ ಸರಿಯುತ್ತದೆ. ಅರಿಶಿನದ ಡಬ್ಬಿಯನ್ನು ಮೇಡಂ ತಾವೇ ತೆಗೆದುಕೊಂಡು ಹೋದರು.

ಮಾಡಿದ್ದನ್ನೆಲ್ಲ ಒಪ್ಪಿಕೊಂಡಿರುವ ನಿನ್ನ
ವೆಂಕಟಪ್ಪ

ಇನ್ನೊಂದು ಮಾತು: ಶನಿವಾರ ಎರಡನೇ ಸೂಜಿಯಂತೆ. ಮೇಡಂ ಒಪ್ಪಿಗೆ ಪತ್ರ ತಂದು, ಮಾಲೀಕರು ಯಾರು ಅಂತ ಕೇಳಿದರು. ನಿನ್ನ ಹೆಸರು ಬರೆಸಿದ್ದೇನೆ. ಸಹಿಯ ಜಾಗ ಖಾಲಿ ಇದೆ. ನೀನು ಬೇಡ ಅಂದರೆ ಹಾಕಿಸುವುದಿಲ್ಲ. ಆದರೆ ಆ ಬೇಡ ಅನ್ನುವುದನ್ನು ಮನೆಗೆ ಬಂದು ಹೇಳು.